ಕುಂಡದ ಗಿಡದ ಎಲೆ ಹಳದಿಯಾದರೆ: ಗೊಬ್ಬರ ಹಾಕುವ ಮುನ್ನ ನೋಡಬೇಕಾದ್ದು

ತಾರಸಿಯ ಕುಂಡದಲ್ಲಿ ಎಲೆ ಹಳದಿಯಾಯಿತೆಂದರೆ ಬಹುತೇಕರ ಕೈ ಮೊದಲು ಹೋಗುವುದು ಗೊಬ್ಬರದ ಡಬ್ಬಿಗೆ. ಆದರೆ ಕುಂಡದಲ್ಲಿ ಹೆಚ್ಚಿನ ಸಲ ಮಣ್ಣಿನಲ್ಲಿ ಸತ್ವ ಇದ್ದೇ ಇರುತ್ತದೆ, ಬೇರಿಗೆ ಅದನ್ನು ಹೀರಿಕೊಳ್ಳಲು ಆಗುತ್ತಿರುವುದಿಲ್ಲ. ನೀರು ನಿಂತು ಬೇರು ಕೊಳೆತಿರುತ್ತದೆ, ಗಡಸು ನೀರಿನಿಂದ ಮಣ್ಣು ಕ್ಷಾರವಾಗಿರುತ್ತದೆ, ಇಲ್ಲವೇ ಉಪ್ಪು ಕಟ್ಟಿರುತ್ತದೆ. ಅಂಥ ಬೇರಿಗೆ ಮತ್ತೆ ಗೊಬ್ಬರ ಸುರಿದರೆ ಗಿಡ ಇನ್ನೂ ಬೇಗ ಸೊರಗುತ್ತದೆ. ಕಾರಣ ಗೊತ್ತಾಗುವ ತನಕ ಎಲ್ಲ ಗೊಬ್ಬರವನ್ನೂ ನಿಲ್ಲಿಸಿ. ಕರಿಬೇವು, ನಿಂಬೆ, ಮೆಣಸಿನಕಾಯಿ, ಟೊಮೆಟೊ, ಬೆಂಡೆ, ದಾಸವಾಳ ಇವನ್ನು ಇಟ್ಟುಕೊಂಡು ಇಲ್ಲಿ ಹೇಳಿದೆ. ಪರೀಕ್ಷಿಸುವ ಕ್ರಮ ಬೇರೆ ಗಿಡಗಳಿಗೂ ಇದೇ.

ಹೆಜ್ಜೆ 1: ಹಳದಿ ಶುರುವಾದದ್ದು ಎಲ್ಲಿಂದ?

ಬೆಳಗಿನ ಬೆಳಕಿನಲ್ಲಿ ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿ. ಮೊದಲು ಹಳದಿಯಾದದ್ದು ಕೆಳಗಿನ ಬಲಿತ ಎಲೆಯೋ, ತುದಿಯ ಚಿಗುರೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಬಿದ್ದಾಗ ಗಿಡ ಅವನ್ನು ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಸಾಗಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಹಳದಿಯಾಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸತು, ಗಂಧಕ ಇವು ಒಮ್ಮೆ ಎಲೆಯಲ್ಲಿ ಕೂತರೆ ಸುಲಭಕ್ಕೆ ಕದಲುವುದಿಲ್ಲ. ಇವುಗಳ ಕೊರತೆ ಚಿಗುರಿನಲ್ಲೇ ಮೊದಲು ಕಾಣುತ್ತದೆ.

ಆಮೇಲೆ ಹಳದಿಯ ವಿನ್ಯಾಸ ನೋಡಿ. ಇಡೀ ಎಲೆ ಒಂದೇ ಸಮ ಮಾಸಿದೆಯೇ, ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯೇ, ಸೂಜಿಯಲ್ಲಿ ಚುಚ್ಚಿದಂಥ ಚುಕ್ಕೆಗಳೇ, ಅಂಚು ಸುಟ್ಟಿದೆಯೇ? ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಕೆಲವು ಹಳದಿಗೆ ಏನೂ ಮಾಡಬೇಕಾಗಿಲ್ಲ. ಟೊಮೆಟೊದ ತೀರ ಕೆಳಗಿನ ಒಂದೆರಡು ಎಲೆ ವಯಸ್ಸಾಗಿ ಉದುರುತ್ತವೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕರಿಬೇವು ಮಂಕಾಗಿ ಎಲೆ ಉದುರಿಸಿ, ಬಿಸಿಲು ಏರಿದ ಮೇಲೆ ಚಿಗುರುತ್ತದೆ. ನರ್ಸರಿಯ ನೆರಳಿನಿಂದ ತಂದು ನೇರ ಬಿಸಿಲಿಗಿಟ್ಟ ದಾಸವಾಳ ಮೊದಲ ಎರಡು ವಾರ ಹಳದಿ ಎಲೆ ಉದುರಿಸುವುದು ಸಾಮಾನ್ಯ. ಚಿಗುರು ಚೆನ್ನಾಗಿ ಬರುತ್ತಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ಹೆಜ್ಜೆ 2: ಎಲೆ ಮಗುಚಿ ನೋಡಿ

ಎರಡು ನಿಮಿಷದ ಕೆಲಸವಿದು, ಆದರೂ ಎಲ್ಲರೂ ಬಿಟ್ಟುಬಿಡುತ್ತಾರೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಮೂರು-ನಾಲ್ಕು ಸಲ ತಟ್ಟಿ. ಕಾಗದದ ಮೇಲೆ ಬಿದ್ದ ಧೂಳಿನಂಥ ಚುಕ್ಕೆಗಳು ನಡೆದಾಡಿದರೆ, ಉಜ್ಜಿದಾಗ ಕೆಂಪು ಗೆರೆ ಬಿದ್ದರೆ ಅದು ಕೆಂಪು ಮೈಟ್ ನುಸಿ. ಎಲೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಇದರ ಗುರುತು. ಮಾರ್ಚ್‌ನಿಂದ ಮೇ ತನಕದ ಒಣ ಬಿಸಿಲಿನಲ್ಲಿ ಇದರ ಕಾಟ ಹೆಚ್ಚು. ಮೊದಲು ಪೈಪಿನ ನೀರನ್ನು ಜೋರಾಗಿ ಎಲೆಯ ಅಡಿಗೆ ಬಿಟ್ಟು ತೊಳೆಯಿರಿ. ಮಾರನೆಯ ದಿನ ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ದ್ರವ ಸೋಪು ಕದಡಿ ಅಡಿಭಾಗ ಒದ್ದೆಯಾಗುವಂತೆ ಸಿಂಪಡಿಸಿ. ಮೊಟ್ಟೆಗೆ ಇದು ಅಷ್ಟಾಗಿ ನಾಟುವುದಿಲ್ಲ, ಆದ್ದರಿಂದ ಐದು ದಿನಕ್ಕೊಮ್ಮೆ ಮೂರು ಸಲ ಮಾಡಲೇಬೇಕು. ನೀರಿನಲ್ಲಿ ಕರಗುವ ಗಂಧಕ ಬಳಸುವವರು ಲೀಟರಿಗೆ 2 ಗ್ರಾಂ ಮೀರಬಾರದು. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ, ಅಥವಾ 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಗಿಡ ಅಲ್ಲಾಡಿಸಿದಾಗ ಬಿಳಿ ನೊಣ ಹಾರಿದರೆ, ಅಂಟು ಜಿನುಗಿ ಇರುವೆ ಹತ್ತಿದ್ದರೆ ರಸ ಹೀರುವ ಹುಳುಗಳಿವೆ. ಅದಕ್ಕೂ ಇದೇ ಬೇವಿನ ಎಣ್ಣೆ, ಜೊತೆಗೆ ಹಳದಿ ಅಂಟುಹಾಳೆ. ಬೆಂಡೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ನರಗಳೇ ಹಳದಿಯಾಗಿ, ನಡುವಿನ ಭಾಗ ಹಸಿರಾಗಿ ಉಳಿದಿದ್ದರೆ ಅದು ಬಿಳಿ ನೊಣ ಹರಡುವ ಹಳದಿ ನಂಜಾಣು ರೋಗ. ಇದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಮುಂದಿನ ಬಿತ್ತನೆಗೆ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ರೋಗ ತಡೆಯಲೆಂದೇ ಬೆಳೆಸಿದ ಅರ್ಕಾ ಅನಾಮಿಕಾ ತಳಿ ಹುಡುಕಿ.

ಟೊಮೆಟೊದ ಕೆಳಗಿನ ಎಲೆಯಲ್ಲಿ ಕಂದು ಮಚ್ಚೆ, ಮಚ್ಚೆಯೊಳಗೆ ಒಂದರೊಳಗೊಂದು ಉಂಗುರ, ಸುತ್ತ ಹಳದಿ ಇದ್ದರೆ ಅಂಗಮಾರಿ. ಆ ಎಲೆಗಳನ್ನು ಕತ್ತರಿಸಿ ತೆಗೆಯಿರಿ, ಎಲೆಗೆ ನೀರು ತಾಗದಂತೆ ಬುಡಕ್ಕಷ್ಟೇ ಹಾಕಿ.

ಹೆಜ್ಜೆ 3: ಬೆರಳು, ಬೇರು

ಹುಳುವಿಲ್ಲ, ಮಚ್ಚೆಯಿಲ್ಲ ಎಂದಾದರೆ ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ. ಮಣ್ಣು ಹಸಿಯಿದ್ದೂ ಗಿಡ ಬಾಡಿದ್ದರೆ ಬೇರು ಉಸಿರುಗಟ್ಟಿದೆ. ಬೇರಿಗೆ ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ಸಿಗದೆ ಬೇರಿನ ತುದಿ ಸಾಯುತ್ತದೆ, ಅಲ್ಲಿಗೆ ಕೊಳೆರೋಗದ ಶಿಲೀಂಧ್ರ ಹತ್ತುತ್ತದೆ. ಮೇಲೆ ನೋಡಿದರೆ ಅಪ್ಪಟ ಗೊಬ್ಬರದ ಕೊರತೆಯಂತೆಯೇ ಕಾಣುತ್ತದೆ. ಮಳೆಗಾಲದ ಹಳದಿಗೆ ಹೆಚ್ಚಾಗಿ ಇದೇ ಕಾರಣ.

ಖಚಿತಪಡಿಸಿಕೊಳ್ಳಲು ಕಾಂಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡವನ್ನು ವಾಲಿಸಿ, ಬದಿಗೆ ತಟ್ಟಿ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹೊರತೆಗೆಯಿರಿ. ಆರೋಗ್ಯದ ಬೇರು ಬೆಳ್ಳಗೆ ಅಥವಾ ಕೆನೆಬಣ್ಣದಲ್ಲಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದಾಗಿ ನಾರುತ್ತದೆ, ಎಳೆದರೆ ಸಿಪ್ಪೆ ಜಾರಿ ನೂಲಿನಂಥ ಎಳೆ ಉಳಿಯುತ್ತದೆ. ಕೊಳೆತ ಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಮೇಲಿನ ಎಲೆಗಳಲ್ಲೂ ಮೂರನೆಯ ಒಂದು ಭಾಗ ಕತ್ತರಿಸಿ. ಕೆಂಪು ಮಣ್ಣು, ಕೋಕೋಪೀಟ್, ಪೂರ್ತಿ ಕಳಿತ ಗೊಬ್ಬರ ಸಮಸಮ ಬೆರೆಸಿದ ಹೊಸ ಮಿಶ್ರಣದಲ್ಲಿ ನೆಡಿ. ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಕದಡಿ ಬುಡಕ್ಕೆ ಹಾಕಿ. ಹತ್ತು ದಿನ ನೆರಳಿನಲ್ಲಿಡಿ. ಕುಂಡದ ಅಡಿಯ ತೂತುಗಳು ಕಿರುಬೆರಳು ಹೋಗುವಷ್ಟು ದೊಡ್ಡದಿರಲಿ, ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಅಡಿಗೆ ಜಲ್ಲಿ ತುಂಬಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಇದೆ. ಹಾಗೆ ಆಗುವುದಿಲ್ಲ. ನುಣ್ಣನೆಯ ಮಣ್ಣು ನೀರನ್ನು ಜಲ್ಲಿಯ ಮೇಲೇ ತಡೆದು ಹಿಡಿಯುತ್ತದೆ, ಬೇರಿಗೆ ಇರುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೊಂದು ಬಲೆ ತುಂಡು ಸಾಕು.

ಹೆಂಟೆಯ ಸುತ್ತ ಬೇರು ಸುರುಳಿ ಸುತ್ತಿ ಮಣ್ಣೇ ಕಾಣದಂತಿದ್ದರೆ ಕುಂಡ ಚಿಕ್ಕದಾಗಿದೆ. ಎರಡು-ಮೂರು ಇಂಚು ದೊಡ್ಡದಕ್ಕೆ ಬದಲಿಸಿ.

ಹೆಜ್ಜೆ 4: ನೀರಿನ ಪರೀಕ್ಷೆ

ಬೇರು ಚೆನ್ನಾಗಿದ್ದೂ ಹಳದಿ ಇದ್ದರೆ ನೀರನ್ನು ಶಂಕಿಸಿ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದನ್ನು ಮರೆಯಲೇಬಾರದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಗಟ್ಟಿ ಪದರ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಅದರಲ್ಲಿನ ಬೈಕಾರ್ಬೊನೇಟ್ ತಿಂಗಳುಗಟ್ಟಲೆ ಕುಂಡದಲ್ಲಿ ಸೇರುತ್ತಾ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸುತ್ತದೆ. ಪಿಎಚ್ 7.5 ದಾಟಿದ ಮೇಲೆ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಕರಗದ ರೂಪಕ್ಕೆ ಹೋಗಿ ಬೇರಿಗೆ ದಕ್ಕುವುದಿಲ್ಲ.

ಅಳೆಯುವುದು ಹೀಗೆ: ಬೇರಿನ ಹತ್ತಿರದ ಮಣ್ಣು 20 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಮಿಲಿ (ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ) ಸೇರಿಸಿ ಕದಡಿ, ಅರ್ಧ ಗಂಟೆ ಬಿಟ್ಟು ಪಿಎಚ್ ಪಟ್ಟಿ ಅದ್ದಿ. 6ರಿಂದ 7ರ ನಡುವೆ ಇದ್ದರೆ ನಿಶ್ಚಿಂತೆ. ಪಟ್ಟಿ ಇಲ್ಲದಿದ್ದರೆ ಒಣಮಣ್ಣಿಗೆ ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಬಿಡಿ. ನೊರೆಯೆದ್ದರೆ ಮಣ್ಣಿನಲ್ಲಿ ಸುಣ್ಣ ಸೇರಿದೆ. ಮೊಟ್ಟೆಯ ಸಿಪ್ಪೆಯ ಪುಡಿ, ಒಲೆಯ ಬೂದಿ ಹಾಕುವ ಅಭ್ಯಾಸವಿದ್ದರೆ ಇಂಥ ಕುಂಡಕ್ಕೆ ಕೂಡಲೇ ನಿಲ್ಲಿಸಿ, ಎರಡೂ ಪಿಎಚ್ ಏರಿಸುತ್ತವೆ.

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವ ಮನೆಗಳು ಎಷ್ಟೋ. ನೀರು ಉಳಿಸುವ ಆ ಕಾಳಜಿ ದೊಡ್ಡದು, ಆದರೆ ಶುದ್ಧ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಇದರಲ್ಲೇ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನಿನಲ್ಲಿ 500 ಪಿಪಿಎಂ ಒಳಗೆ ತೋರಿಸುವ ನೀರು ಕುಂಡಕ್ಕೆ ಒಳ್ಳೆಯದು. 1000 ದಾಟಿದ್ದನ್ನು ದಿನವೂ ಹಾಕಬೇಡಿ.

ಕುಂಡದ ಅಂಚಿನಲ್ಲಿ ಬಿಳಿ ಪುಡಿ, ಎಲೆಯ ತುದಿ ಸುಟ್ಟು ಒಳಮುಖವಾಗಿ ಹಳದಿ ಬಂದಿದ್ದರೆ ಉಪ್ಪು ತೊಳೆಯಬೇಕು. 12 ಇಂಚಿನ ಕುಂಡಕ್ಕೆ ಎರಡು ಬಕೆಟ್ ಮಳೆನೀರು ಅಥವಾ ಕಾವೇರಿ ನೀರನ್ನು ಒಂದು ಗಂಟೆಯಲ್ಲಿ ನಾಲ್ಕು ಕಂತಾಗಿ ನಿಧಾನಕ್ಕೆ ಸುರಿದು ಪೂರ್ತಿ ಬಸಿಯಲು ಬಿಡಿ. ಇದರ ಜೊತೆ ಸಾರಜನಕವೂ ತೊಳೆದು ಹೋಗುವುದರಿಂದ ವಾರದ ಬಳಿಕ ಅರ್ಧ ಪ್ರಮಾಣದಲ್ಲಿ ಗೊಬ್ಬರ ಶುರು ಮಾಡಿ.

ಹೆಜ್ಜೆ 5: ಈಗ ಪೋಷಕಾಂಶ

ಕೆಳಗಿನ ಎಲೆಗಳು ನರ ಸಮೇತ ಒಂದೇ ಸಮ ತಿಳಿ ಹಳದಿಯಾಗಿ, ಗಿಡ ಕುಂಠಿತವಾಗಿದ್ದರೆ ಸಾರಜನಕದ ಕೊರತೆ. ಅರ್ಧ ಕಳಿತ ಗೊಬ್ಬರ, ಮರದ ಹೊಟ್ಟು ಹಾಕಿದ ಕುಂಡದಲ್ಲಿ ಇದು ಬರುತ್ತದೆ. ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕುಂಡಕ್ಕೆ ಅರ್ಧ ಲೀಟರ್ ಹಾಕಿ. ಅಥವಾ ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ 19:19:19 ಗೊಬ್ಬರ ಲೀಟರಿಗೆ 2 ಗ್ರಾಂನಂತೆ ವಾರಕ್ಕೊಮ್ಮೆ, ನಾಲ್ಕು ವಾರ. ಒಣಮಣ್ಣಿಗೆ ಹಾಕಬೇಡಿ, ಮೊದಲು ಬರೀ ನೀರು ಕೊಡಿ.

ನಿಂಬೆಯ ಬಲಿತ ಎಲೆಯಲ್ಲಿ ತೊಟ್ಟಿನ ಬಳಿ ತ್ರಿಕೋನಾಕಾರದ ಹಸಿರು ಉಳಿದು ಮಿಕ್ಕದ್ದು ಹಳದಿಯಾದರೆ ಮೆಗ್ನೀಸಿಯಂ ಸಾಲುತ್ತಿಲ್ಲ. ಪೊಟ್ಯಾಶ್ ಅತಿಯಾದರೂ ಹೀಗಾಗುತ್ತದೆ. ಬಾಳೆಹಣ್ಣಿನ ಸಿಪ್ಪೆಯ ನೀರನ್ನೇ ನಂಬಿದವರು ಗಮನಿಸಿ. ಎಪ್ಸಂ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) 5 ಗ್ರಾಂ ಒಂದು ಲೀಟರಿಗೆ ಕರಗಿಸಿ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಎಲೆಗೆ ಸಿಂಪಡಿಸಿ. ಇದನ್ನು ಎಲ್ಲ ಹಳದಿಗೂ ಮದ್ದೆಂದು ಸುರಿಯುವುದು ಸರಿಯಲ್ಲ. ಕೊರತೆಯಿಲ್ಲದ ಕಡೆ ಅದು ಇನ್ನೊಂದು ಉಪ್ಪು ಅಷ್ಟೇ.

ಚಿಗುರಿನಲ್ಲಿ ನರಗಳು ಹಸಿರು ಜಾಲದಂತೆ ಉಳಿದು, ಉಳಿದ ಭಾಗ ಹಳದಿಯಾಗಿ ಕೊನೆಗೆ ಬೆಳ್ಳಗಾದರೆ ಕಬ್ಬಿಣದ ಕೊರತೆ. ಕರಿಬೇವು, ದಾಸವಾಳಕ್ಕೆ ಇದು ಬಹಳ ಸಲ ಬರುತ್ತದೆ. ಅನುಮಾನವಿದ್ದರೆ ಎಲೆಯ ಮೇಲೇ ಪರೀಕ್ಷೆ ಮಾಡಬಹುದು. ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿ, ಬ್ರಷ್‌ನಿಂದ ಒಂದು ಹಳದಿ ಎಲೆಯ ಅರ್ಧಕ್ಕೆ ಮಾತ್ರ ಹಚ್ಚಿ ದಾರ ಕಟ್ಟಿ ಗುರುತಿಡಿ. ವಾರದೊಳಗೆ ಹಚ್ಚಿದ ಅರ್ಧ ಹಸಿರಾದರೆ ಖಚಿತ. ಆಗ ಅದೇ ದ್ರಾವಣವನ್ನು ಸಂಜೆ ಹೊತ್ತು, ಹತ್ತು ದಿನಕ್ಕೊಮ್ಮೆ ಮೂರು ಸಲ ಇಡೀ ಗಿಡಕ್ಕೆ ಸಿಂಪಡಿಸಿ. ಪ್ರತಿ ಸಲವೂ ಹೊಸದಾಗಿ ಕಲಸಬೇಕು, ಕಂದು ಬಣ್ಣಕ್ಕೆ ತಿರುಗಿದ್ದು ಪ್ರಯೋಜನವಿಲ್ಲ. ತಾರಸಿಯ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೆ ಪತ್ರಿಕೆ ಹಾಸಿಕೊಳ್ಳಿ. ಮಣ್ಣಿಗೇ ಹಾಕುವುದಾದರೆ ಕ್ಷಾರ ಮಣ್ಣಿನಲ್ಲಿ ಇಡಿಟಿಎ ರೂಪದ ಕಬ್ಬಿಣ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂದು ಬರೆದಿರುವುದನ್ನು ಕೇಳಿ ತನ್ನಿ, ಅಳತೆ ಪೊಟ್ಟಣದ ಮೇಲಿರುತ್ತದೆ.

ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ರೂಢಿ ಬಿಡಬೇಕಾಗಿಲ್ಲ. ಉಪ್ಪು ಬೆರೆಸದೆ, ಹತ್ತು ಪಟ್ಟು ನೀರು ಸೇರಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ. ಆದರೆ ದಿನವೂ ಗಡಸು ನೀರು ಹೋಗುತ್ತಿರುವ ಕುಂಡದಲ್ಲಿ ಅದರ ಹುಳಿ ಹೆಚ್ಚು ದಿನ ಉಳಿಯುವುದಿಲ್ಲ. ನೀರು ಬದಲಿಸುವುದೇ ನಿಜವಾದ ಪರಿಹಾರ.

ನಿಂಬೆಯ ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ಒತ್ತೊತ್ತಾಗಿ ಬಂದು ನರಗಳ ನಡುವೆ ಹಳದಿ ಪಟ್ಟೆ ಇದ್ದರೆ ಸತುವಿನ ಕೊರತೆ. ಹೆಸರಘಟ್ಟದ ಸಂಸ್ಥೆಯ ಅರ್ಕಾ ಸಿಟ್ರಸ್ ಸ್ಪೆಷಲ್, ತರಕಾರಿಗಾದರೆ ಅರ್ಕಾ ವೆಜಿಟಬಲ್ ಸ್ಪೆಷಲ್ ಎಂಬ ಲಘು ಪೋಷಕಾಂಶದ ಪುಡಿ ಸಿಂಪಡಿಸಿ. ಗಡಸು ನೀರಿನಲ್ಲಿ ಕಲಸುವಾಗ ನಿಂಬೆರಸ ಹಿಂಡುವುದು ಮರೆಯಬೇಡಿ.

ಹದಿನೈದು ದಿನದ ನಂತರ

ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗಲಿ ಎಂದು ಕಾಯಬೇಡಿ. ನೋಡಬೇಕಾದ್ದು ಹೊಸ ಚಿಗುರನ್ನು. ಒಂದು ಸಲಕ್ಕೆ ಒಂದೇ ಉಪಾಯ ಮಾಡಿ, ಮೂರನ್ನು ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ. ಚಿಗುರೂ ಹಳದಿಯಾಗಿಯೇ ಬಂದು, ಟೊಮೆಟೊ, ಬದನೆ, ಬೆಂಡೆ ಮಧ್ಯಾಹ್ನದ ಹೊತ್ತು ಬಾಡಿ ಸಂಜೆ ಚೇತರಿಸುತ್ತಿದ್ದರೆ ಗಿಡ ಕಿತ್ತು ಬೇರು ತೊಳೆದು ನೋಡಿ. ಸಾಸಿವೆಯಿಂದ ಕಡಲೆಗಾತ್ರದ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಆ ಮಣ್ಣನ್ನು ಬೇರೆ ಕುಂಡಕ್ಕೆ ಬೆರೆಸಬೇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಒದ್ದೆ ಮಾಡಿ, ಆರಿಂಚು ದಪ್ಪಕ್ಕೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಅಂಚು ಮುಚ್ಚಿ ಆರು ವಾರ ಬಿಡಿ. ಬಳಿಕ ಕುಂಡಕ್ಕೆ 50 ಗ್ರಾಂನಂತೆ ಬೇವಿನ ಹಿಂಡಿ ಬೆರೆಸಿ, ಮೊದಲ ಬೆಳೆಯಾಗಿ ಚೆಂಡು ಹೂ ಹಾಕಿ.