ರಟ್ಟೆಯನ್ನು ಮುಟ್ಟಿ ಮೊಣಕೈಯ ಚಲನೆಯನ್ನು ತಿಳಿಯುವ ಬಗೆ

ಉಡುಪಿ ಕಡೆಯ ಮನೆಗಳಲ್ಲಿ ಬಾವಿಕಟ್ಟೆಯ ಮೇಲಿನ ತುಂಬಿದ ಕೊಡಪಾನವನ್ನು ಎತ್ತಿ, ನೀರು ತುಳುಕದಂತೆ ನಿಧಾನವಾಗಿ ನೆಲಕ್ಕಿಡುವಾಗ ಮೊಣಕೈಯ ಸ್ನಾಯುಗಳು ಮಾಡುವ ಕೆಲಸವನ್ನು ಯಾರು ಬೇಕಾದರೂ ಮುಟ್ಟಿ ತಿಳಿಯಬಹುದು. ಅದಕ್ಕೆ ನೀರು ತುಂಬಿದ ಒಂದು ತಂಬಿಗೆ ಸಾಕು. ತೋಳಿಗೆ ಇತ್ತೀಚೆಗೆ ಪೆಟ್ಟಾಗಿದ್ದರೆ ಈ ಪ್ರಯೋಗ ಬೇಡ.

ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು ಎಂಬುದು ಮೊದಲು ಮನಸ್ಸಿನಲ್ಲಿರಲಿ. ಆದ್ದರಿಂದಲೇ ಮಡಚುವುದಕ್ಕೂ ಬಿಡಿಸುವುದಕ್ಕೂ ಬೇರೆ ಬೇರೆ ಸ್ನಾಯುಗಳಿವೆ. ರಟ್ಟೆಯ ಮುಂಭಾಗದ ಬೈಸೆಪ್ಸ್ ಹೆಗಲಿನ ಮೂಳೆಯಲ್ಲಿ ಎರಡು ತಲೆಗಳಾಗಿ ಹೊರಟು, ಮೊಣಕೈಯನ್ನು ದಾಟಿ, ಮುಂದೋಳಿನಲ್ಲಿ ಹೆಬ್ಬೆರಳಿನ ಬದಿಗಿರುವ ರೇಡಿಯಸ್ ಮೂಳೆಗೆ ಅಂಟಿಕೊಳ್ಳುತ್ತದೆ. ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್ ಕಿರುಬೆರಳಿನ ಬದಿಯ ಅಲ್ನಾ ಮೂಳೆಯನ್ನು ಸೇರುತ್ತದೆ. ಹಿಂಭಾಗದಲ್ಲಿ ಮೂರು ತಲೆಗಳ ಟ್ರೈಸೆಪ್ಸ್ ಇದ್ದು, ಅದು ಮೊಣಕೈಯ ಹಿಂದೆ ಕೈಗೆ ಸಿಗುವ ಗಟ್ಟಿಯಾದ ತುದಿಗೆ ಕಟ್ಟಿಕೊಂಡಿದೆ.

ಈಗ ಬಲಗೈಯಲ್ಲಿ ತಂಬಿಗೆಯನ್ನು ಹಿಡಿದು, ಎಡಗೈಯ ಹೆಬ್ಬೆರಳನ್ನು ಬಲ ರಟ್ಟೆಯ ಮುಂಭಾಗಕ್ಕೂ ಉಳಿದ ಬೆರಳುಗಳನ್ನು ಹಿಂಭಾಗಕ್ಕೂ ಇಡಿ. ಮೊಣಕೈಯನ್ನು ಮಡಚುತ್ತ ಬಂದಂತೆ ಹೆಬ್ಬೆರಳಿನ ಕೆಳಗೆ ಬೈಸೆಪ್ಸ್ ಗಟ್ಟಿಯಾಗಿ ಉಬ್ಬುತ್ತದೆ, ಹಿಂದಿನ ಸ್ನಾಯು ಮೆತ್ತಗೇ ಇರುತ್ತದೆ. ಬಳಿಕ ತಂಬಿಗೆಯನ್ನು ಬಹಳ ನಿಧಾನವಾಗಿ ಇಳಿಸಿ. ಕೈ ನೇರವಾಗುತ್ತಿರುವುದರಿಂದ ಈಗ ಟ್ರೈಸೆಪ್ಸ್ ಗಟ್ಟಿಯಾಗಬೇಕೆಂದು ಹೆಚ್ಚಿನವರು ಎಣಿಸುತ್ತಾರೆ. ಆದರೆ ಗಟ್ಟಿಯಾಗಿ ಉಳಿಯುವುದು ಮುಂಭಾಗವೇ. ತಂಬಿಗೆಯನ್ನು ಕೆಳಕ್ಕೆಳೆಯುವುದು ಭೂಮಿಯ ಸೆಳೆತ. ಬಾವಿಯ ಹಗ್ಗವನ್ನು ಬಿಗಿಹಿಡಿದೇ ಸ್ವಲ್ಪಸ್ವಲ್ಪವಾಗಿ ಬಿಡುವ ಹಾಗೆ ಬೈಸೆಪ್ಸ್ ಆ ಭಾರವನ್ನು ತಡೆಯುತ್ತಲೇ ಉದ್ದವಾಗುತ್ತದೆ. ಇದನ್ನು ಎರಡು ಮೂರು ಸಲ ಮಾಡಿ ನೋಡಿ, ಏಕೆಂದರೆ ಈ ಒಂದು ಅಂಶವನ್ನು ಬಾಯಿಮಾತಿಗಿಂತ ಬೆರಳೇ ಚೆನ್ನಾಗಿ ಕಲಿಸುತ್ತದೆ.

ಟ್ರೈಸೆಪ್ಸ್ ದುಡಿಯುವುದನ್ನು ಅರಿಯಬೇಕಾದರೆ ಎದುರು ತಡೆಯಿರಬೇಕು. ಮೊಣಕೈಯನ್ನು ಅರ್ಧ ಮಡಚಿ, ಅಂಗೈಯಿಂದ ಮೇಜನ್ನು ಕೆಳಕ್ಕೆ ಒತ್ತಿದರೆ ರಟ್ಟೆಯ ಹಿಂಭಾಗ ಬಿಗಿಯಾಗುತ್ತದೆ. ಗೋಡೆಯನ್ನು ತಳ್ಳುವಾಗಲೂ ಹೀಗೆಯೇ.

ಮೊಣಕೈಯಿಂದ ಬೈಸೆಪ್ಸ್ ಅಂಟಿರುವ ಜಾಗಕ್ಕೆ ಸುಮಾರು 4 ಸೆಂ.ಮೀ., ಅಂಗೈಗೆ ಸುಮಾರು 32 ಸೆಂ.ಮೀ. ದೂರವಿದೆಯೆಂದು ಇಟ್ಟುಕೊಂಡರೆ, ಮುಂದೋಳನ್ನು ಅಡ್ಡಲಾಗಿ ಹಿಡಿದಾಗ 2 ಕಿಲೋ ತೂಕದ ತಂಬಿಗೆಗಾಗಿ ಮಡಚುವ ಸ್ನಾಯುಗಳು ಸುಮಾರು 16 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬಲದಲ್ಲಿ ಹೀಗೆ ನಷ್ಟವಾದರೂ ಸ್ನಾಯು ತುಸುವೇ ಕುಗ್ಗಿದಾಗ ಅಂಗೈ ಬಹು ದೂರ ಸಾಗುತ್ತದೆ.

ಕೊನೆಗೆ ತಂಬಿಗೆಯನ್ನು ಕೆಳಗಿಟ್ಟು, ಮೊಣಕೈಯನ್ನು ಮಡಚಿಯೇ ಇಟ್ಟುಕೊಂಡು, ಕೆಳಮುಖವಾದ ಅಂಗೈಯನ್ನು ರಭಸದಿಂದ ಮೇಲ್ಮುಖವಾಗಿ ತಿರುಗಿಸಿ. ಮೊಣಕೈ ಅಲುಗದಿದ್ದರೂ ಬೈಸೆಪ್ಸ್ ಉಬ್ಬುವುದು ಗೊತ್ತಾಗುತ್ತದೆ. ತಿರುಗುವ ಮೂಳೆಯಾದ ರೇಡಿಯಸ್ಸಿಗೆ ಅದು ಅಂಟಿರುವುದೇ ಇದಕ್ಕೆ ಕಾರಣ. ಅಲ್ನಾ ಹಾಗೆ ತಿರುಗದ ಮೂಳೆಯಾದ್ದರಿಂದ ಬ್ರೇಕಿಯಾಲಿಸ್ಸಿಗೆ ಮಡಚುವ ಕೆಲಸವೊಂದೇ ಉಳಿಯುತ್ತದೆ. ಅಂಗೈ ಕೆಳಮುಖವಾಗಿದ್ದಾಗ ಭಾರವೆತ್ತುವ ಹೊಣೆ ಹೆಚ್ಚಾಗಿ ಅದರ ಮೇಲೆಯೇ ಬೀಳುತ್ತದೆ.