ತಲಪಾಡಿ ದಾಟುವಾಗ ಸ್ಪೀಡೋಮೀಟರ್ ಕಡೆ ಒಂದು ಕಣ್ಣಿರಲಿ

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ದಿನಾ ಹೋಗಿ ಬರುವವರ ಗಮನಕ್ಕೆ. ಕೇರಳದಲ್ಲಿ 2023ರ ಜುಲೈಯಿಂದ ವೇಗದ ಮಿತಿ ಬದಲಾಗಿದೆ. ಆರು ಪಥದ ಹೆದ್ದಾರಿಯಲ್ಲಿ ಕಾರಿಗೆ 110, ರಾಜ್ಯ ಹೆದ್ದಾರಿಯಲ್ಲಿ 80. ಬೈಕ್, ಸ್ಕೂಟರಿಗೆ ಮಾತ್ರ 70 ಇದ್ದದ್ದನ್ನು 60ಕ್ಕೆ ಇಳಿಸಿದ್ದಾರೆ, ರಸ್ತೆ ಎಷ್ಟೇ ಅಗಲವಿರಲಿ. ಪೇಟೆಯೊಳಗೆ ಎಲ್ಲರಿಗೂ 50. ಹೊಸ ರಸ್ತೆಯಲ್ಲಿ ಹುಡುಗರು ಎಡವುವುದು ಈ 60ರಲ್ಲೇ.

ಮಿತಿ ಮೀರಿದರೆ ಕಾರು, ಬೈಕಿಗೆ ಕೇರಳದಲ್ಲಿ 1,500 ರೂಪಾಯಿ ದಂಡ. ಕೆಎ ನಂಬರಿನ ಗಾಡಿಗೂ ವಿನಾಯಿತಿ ಇಲ್ಲ.

ಆರ್‌ಸಿಯಲ್ಲಿ ಹಳೇ ಮೊಬೈಲ್ ನಂಬರ್ ಇದ್ದರೆ ಚಲನ್ ಬಂದದ್ದೇ ಗೊತ್ತಾಗುವುದಿಲ್ಲ. ಮೊದಲು ಅದನ್ನು ಸರಿಮಾಡಿಸಿ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದ ಇ-ಚಲನ್ ಪುಟದಲ್ಲಿ ಗಾಡಿ ನಂಬರ್, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಬಾಕಿ ಕಾಣುತ್ತದೆ. ಫೋಟೋ ಇದ್ದರೆ ತೆರೆದು ನೋಡಿ, ಗಾಡಿ ನಿಮ್ಮದೇ ತಾನೇ?

ವಾಟ್ಸಾಪಿನಲ್ಲಿ ‘ನಿಮ್ಮ ಚಲನ್’ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಲೇಬೇಡಿ. ಅದು ಬ್ಯಾಂಕ್ ಖಾತೆ ಬರಿದು ಮಾಡುವವರ ಕೆಲಸ. ಮನೆಯ ಹಿರಿಯರಿಗೂ ಇದೊಂದು ಹೇಳಿಡಿ.