ಬಟ್ಟೆ ಡೈಪರ್: ಎರಡು ಸಲ ಸೋತ ಮೇಲೆ ಕೂಡಿಬಂದ ಲೆಕ್ಕ

ಮಗುವಿಗೆ ಎರಡು ವರ್ಷ ತುಂಬಿತು. ಈಗ ಡೈಪರ್ ಬೇಕಾಗೋದೇ ಅಪರೂಪ. ಲೆಕ್ಕ ಮುಚ್ಚುವ ಹೊತ್ತು ಬಂದಿದೆ, ಬರೆದುಬಿಡುತ್ತೇನೆ. 'ಇದು ಹದಿನೈದು ದಿನದ ಹುಚ್ಚು' ಎಂದವರು ಮನೆಯಲ್ಲೂ ಇದ್ದರು, ಆಫೀಸಿನಲ್ಲೂ ಇದ್ದರು. ಮೊದಲ ಸಲ ಅವರು ಹೇಳಿದ್ದೇ ನಿಜವಾಯಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹಣದ ಲೆಕ್ಕವನ್ನು ನಾನು ಪ್ಯಾಕ್‌ಗಳಲ್ಲೇ ಇಡುವುದು. ಬಳಸಿ ಬಿಸಾಡುವ ಡೈಪರ್ 40 ಇರುವ ಒಂದು ಪ್ಯಾಕ್ ನನ್ನ ಅಳತೆಗೋಲು. ಬೆಲೆ ಏರುತ್ತೆ, ಇಳಿಯುತ್ತೆ. ಪ್ಯಾಕ್ ಆದರೆ ಕಣ್ಣಿಗೆ ಕಾಣುತ್ತೆ.

ಹೆರಿಗೆಗೆ ಮೊದಲೇ ಆಫರ್ ಸಿಕ್ಕಿತು ಅಂತ ಅತಿ ಸಣ್ಣ ಸೈಜಿನ 8 ಪ್ಯಾಕ್ ತಂದು ಪೇರಿಸಿದ್ದೆ. ದಿನಕ್ಕೆ ಒಂಬತ್ತು, ಹತ್ತು ಖರ್ಚಾಗುತ್ತೆ, ಉಳಿಯೋ ಮಾತೇ ಇಲ್ಲ ಅನ್ನೋ ಧೈರ್ಯ. ನಾಲ್ಕನೇ ವಾರಕ್ಕೇ ತೊಡೆ ಮೇಲೆ ಎಲಾಸ್ಟಿಕ್ ಗುರುತು ಬೀಳತೊಡಗಿತು. ಸುಮಾರು ಎರಡು ಪ್ಯಾಕ್ ಹಾಗೇ ಉಳಿದವು. ಅಲ್ಲಿಂದ ಮುಂದೆ ಯಾವುದನ್ನೂ ಎರಡು ವಾರಕ್ಕಿಂತ ಜಾಸ್ತಿ ದಿನಕ್ಕೆ ತಂದಿಡಲಿಲ್ಲ.

ಮೂರನೇ ತಿಂಗಳಲ್ಲಿ ಬಟ್ಟೆ ಡೈಪರ್‌ಗೆ ಕೈ ಹಾಕಿದೆ. ಪಾಕೆಟ್ ಇರುವಂಥವು, ಅದರೊಳಗೆ ತುರುಕುವ ಮೈಕ್ರೋಫೈಬರ್ ಇನ್ಸರ್ಟ್ (ತೇವ ಹೀರುವ ಕೃತಕ ನಾರಿನ ಪ್ಯಾಡ್) ಜೊತೆಗೆ 12. ಒಂಬತ್ತು ಪ್ಯಾಕ್‌ನಷ್ಟು ದುಡ್ಡು ಒಂದೇ ಏಟಿಗೆ ಹೋಯಿತು. ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರಕ್ಕೆ ತೊಡೆಸಂದಿಯಿಂದ ಸೋರಿಕೆ. ಒಗೆದು ಒಣಗಿಸಿದ್ದಕ್ಕೂ ಮೂಗಿಗೆ ಹೊಡೆಯುವ ವಾಸನೆ. ಕೊನೆಗೆ ಚರ್ಮವೂ ಕೆಂಪಾಯಿತು. ಡಾಕ್ಟರ್ ಕೆಲವು ದಿನ ನಿಲ್ಲಿಸಿ ಎಂದರು. ನನ್ನ ಹೆಂಡತಿ ಮಾತಾಡದೆ ಎಲ್ಲವನ್ನೂ ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಬೈದಿದ್ದರೇ ವಾಸಿ ಇತ್ತು. ಮತ್ತೆ ಒಂದೂವರೆ ತಿಂಗಳು ಪ್ಯಾಕ್ ಹೊತ್ತೆ.

ಒಂದು ರಾತ್ರಿ ನಿದ್ದೆ ಬರದೆ ಒಂದು ಇನ್ಸರ್ಟ್ ಇಳಿಸಿ, ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ನಿಂತಿತು, ಇಂಗಲೇ ಇಲ್ಲ. ಆಗ ಗೊತ್ತಾಯಿತು, ತಪ್ಪು ಡೈಪರ್‌ದಲ್ಲ, ನನ್ನ ಒಗೆತದ್ದು. ಮೆತ್ತಗಿರಲಿ ಅಂತ ಸಾಫ್ಟ್‌ನರ್ ಹಾಕುತ್ತಿದ್ದೆ, ಅದು ಎಳೆಗಳ ಮೇಲೆ ಪದರ ಕಟ್ಟಿತ್ತು. ರ‍್ಯಾಶ್ ಕ್ರೀಮಿನ ಜಿಡ್ಡು ಬೇರೆ. ಎಲ್ಲಕ್ಕಿಂತ ದೊಡ್ಡ ದಡ್ಡತನ, ಕೂಸಿನ ಬಟ್ಟೆ ಅಲ್ವಾ ಅಂತ ಒಂದೇ ಚಮಚ ಪೌಡರ್ ಹಾಕುತ್ತಿದ್ದದ್ದು. ಅಷ್ಟರಲ್ಲಿ ಉಚ್ಚೆಯ ಅಂಶ ಹೋಗೋದಿಲ್ಲ, ಒಳಗೇ ಕೂತು ನಾರುತ್ತೆ. ನಮ್ಮದು ಗಡಸು ನೀರು, ಕೇಳಬೇಕೇ.

ಬಿಸಿನೀರು, ಅಳತೆಗೆ ತಕ್ಕ ಪೂರ್ತಿ ಪೌಡರ್, ಮೂರು ಸಲ. ಮೊದಲ ನೀರು ಚಹಾದ ಬಣ್ಣಕ್ಕೆ ಬಂತು. ನಾಲ್ಕನೇ ಸಲ ಬರೀ ನೀರಿನಲ್ಲಿ ಹಾಕಿದಾಗ ನೊರೆ ಏಳಲಿಲ್ಲ. ಹನಿ ಬಿಟ್ಟರೆ ಇಂಗಿತು. ಮಷೀನಿನ ಮುಂದೆ ಕೂತು ನಕ್ಕಿದ್ದು ಅದೇ ಮೊದಲು.

ಆಮೇಲಿನ ಕ್ರಮ ಕೊನೆಯವರೆಗೂ ಬದಲಾಗಲಿಲ್ಲ. ಒದ್ದೆಯಾದದ್ದನ್ನು ನೀರಿನಲ್ಲಿ ನೆನೆಸಿಡದೆ ಗಾಳಿಯಾಡುವ ಬುಟ್ಟಿಗೆ ಹಾಕುವುದು. ದಿನ ಬಿಟ್ಟು ದಿನ ಒಗೆಯುವುದು, ಮೂರನೇ ದಿನಕ್ಕೆ ಬಿಡಬಾರದು. ಮೊದಲು ತಣ್ಣೀರಲ್ಲಿ ಒಂದು ಸುತ್ತು, ಆಮೇಲೆ ಬಿಸಿನೀರಲ್ಲಿ ದೊಡ್ಡ ಸುತ್ತು. ಡ್ರಮ್ ಮುಕ್ಕಾಲು ತುಂಬಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಉಜ್ಜುವುದಿಲ್ಲ. ಕಡಿಮೆ ಬಿದ್ದರೆ ಟವೆಲ್ ಸೇರಿಸುತ್ತಿದ್ದೆ. ಕ್ರೀಮ್ ಹಚ್ಚಿದ ದಿನ ಹಳೆ ಫ್ಲೀಸ್ ಹೊದಿಕೆಯಿಂದ ಕತ್ತರಿಸಿದ ಪಟ್ಟಿಯೊಂದನ್ನು ಮಧ್ಯೆ ಇಡುವುದು. ಪೌಡರ್ ಎಷ್ಟು ಅಂತ ಕೇಳಬೇಡಿ, ಅದು ನಿಮ್ಮ ನೀರಿಗೆ ಬಿಟ್ಟಿದ್ದು.

ಎರಡನೇ ಸುತ್ತಿಗೆ ಹೊಸ ಡೈಪರ್ ಕೊಳ್ಳಲಿಲ್ಲ. ಬೇರೆಯವರು ಬಳಸಿ ಬಿಟ್ಟ 8 ಕವರ್ (ಬಟ್ಟೆಯ ಮೇಲೆ ತೊಡಿಸುವ, ನೀರು ಬಿಡದ ಹೊದಿಕೆ) ಎರಡು ಪ್ಯಾಕ್ ಬೆಲೆಗೆ ಸಿಕ್ಕವು. ಮಡಚುವ ಹತ್ತಿ ಬಟ್ಟೆಗೆ ನಾಲ್ಕು ಪ್ಯಾಕ್, ಹೆಂಪ್ ಅನ್ನೋ ಗಿಡದ ನಾರಿನ ಪ್ಯಾಡ್‌ಗೆ ಮೂರು. ಹಳೆ ಕವರ್ ಅಲ್ವಾ, ಶುದ್ಧವಾಗಲಿ ಅಂತ ಎರಡನ್ನು ಕುದಿಸಿದೆ. ಒಳಗಿನ ಪ್ಲಾಸ್ಟಿಕ್ ಪದರ ಸಿಪ್ಪೆಯಂತೆ ಎದ್ದು ಬಂತು. ಉಳಿದದ್ದು 6.

ಇಲ್ಲಿ ಸ್ವಲ್ಪ ದಾರಿ ತಪ್ಪಿದೆ. ಅಡುಗೆಮನೆಯ ತಕ್ಕಡಿ ತಂದು ಒಂದೊಂದು ಇನ್ಸರ್ಟನ್ನೂ ಒಣಗಿದ್ದಾಗ, ನೆನೆದಾಗ, ಅಂಗೈಯಿಂದ ಒತ್ತಿದಾಗ ತೂಗಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹಾಗೇ ಹೋದಳು. ಮೈಕ್ರೋಫೈಬರ್ ಗಬಕ್ಕನೆ ಹೀರುತ್ತೆ, ಒತ್ತಿದರೆ ಅಷ್ಟೇ ಬೇಗ ಕಕ್ಕುತ್ತೆ. ಮಗು ಕೂತ ಕೂಡಲೇ ಸೋರುತ್ತಿದ್ದದ್ದು ಅದಕ್ಕೇ. ಹೆಂಪ್ ನಿಧಾನ, ಆದರೆ ಹಿಡಿದದ್ದನ್ನು ಬಿಡೋದಿಲ್ಲ. ಹೊಸದಾಗಿದ್ದಾಗ ಅದರಲ್ಲೂ ಎಣ್ಣೆಯಂಶ ಇರುತ್ತೆ, ಐದಾರು ಸಲ ಬಿಸಿನೀರಲ್ಲಿ ಒಗೆದ ಮೇಲೆ ದಾರಿಗೆ ಬಂತು. ಹಳೆ ಟವೆಲ್ ಕತ್ತರಿಸಿ ನಾಲ್ಕು ಪದರ ಹೊಲಿದದ್ದೂ ಹಗಲಿಗೆ ಚೆನ್ನಾಗಿಯೇ ನಡೆಯಿತು, ಒಣಗೋಕೆ ಮಾತ್ರ ಒಂದು ದಿನ ಬೇಕು. ಹಳೆ ರೇನ್‌ಕೋಟಿನಿಂದ ಕವರ್ ಹೊಲಿಯಲು ಹೋಗಿದ್ದನ್ನು ಹೇಳದಿದ್ದರೇ ಒಳ್ಳೆಯದು. ಹೊಲಿಗೆಯ ಒಂದೊಂದು ತೂತಿನಿಂದಲೂ ನೀರು ಬಂತು.

ರಾತ್ರಿಯದು ಬೇರೆಯೇ ಯುದ್ಧ. ಮೇಲೆ ಪಾಕೆಟ್ ಒಳಗೆ ಮೈಕ್ರೋಫೈಬರ್, ಕೆಳಗೆ ಹೆಂಪ್. ಇಷ್ಟು ಎಲ್ಲರೂ ಮಾಡುತ್ತಾರೆ, ಎಲ್ಲರಿಗೂ ಬೆಳಗಿನ ಜಾವ ನಾಲ್ಕಕ್ಕೆ ಸೋರುತ್ತೆ. ನನಗೆ ಹತ್ತು ಗಂಟೆ ತಡೆಯುತ್ತಿತ್ತು. ಅದು ಮಡಿಕೆಯಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಐದನೇ ತಿಂಗಳಿಂದ ಎರಡು ವರ್ಷದವರೆಗೆ ದಿನಕ್ಕೆ ಐದರಂತೆ ಹಿಡಿದರೆ ಕೊಳ್ಳೋದು ತಪ್ಪಿದ್ದು 70 ಪ್ಯಾಕ್ ಆಸುಪಾಸು. ಹಾಳಾದ ಮೊದಲ ಖರೀದಿಯನ್ನೂ ಸೇರಿಸಿ ಸಾಮಾನಿಗೆ 18, ಪೌಡರ್, ನೀರು, ಕರೆಂಟಿಗೆ 12, ಪ್ರಯಾಣಕ್ಕೂ ಹುಷಾರಿಲ್ಲದ ದಿನಗಳಿಗೂ ತಂದದ್ದು 6. ಮೂವತ್ತರ ಮೇಲೆ ಉಳಿಯಿತು. ಸೈಜ್ ದೊಡ್ಡದಾದ ಹಾಗೆ ಪ್ಯಾಕಿನೊಳಗೆ ಸಂಖ್ಯೆ ಇಳಿಯುತ್ತೆ, ಅದನ್ನು ಹಿಡಿದರೆ ಇನ್ನೂ ಜಾಸ್ತಿ. ನನ್ನ ದುಡಿಮೆಗೆ ಸೊನ್ನೆ ಹಾಕಿದ್ದೇನೆ ಅಂತ ಹೆಂಡತಿ ತಕರಾರು ತೆಗೆಯುತ್ತಾಳೆ. ದಿನ ಬಿಟ್ಟು ದಿನ ಅರ್ಧ ಗಂಟೆ. ಸರಿ, ಅದು ಅವಳ ಲೆಕ್ಕ.

ಹದಿನೈದು ದಿನದ ಹುಚ್ಚು ಎಂದಿದ್ದ ಆಫೀಸಿನ ಗೆಳೆಯನ ಮನೆಯಲ್ಲಿ ಈಗ ಎರಡು ತಿಂಗಳ ಕೂಸಿದೆ. ಹೋದ ವಾರ ಕವರ್‌ಗಳಿಗೆ ಹೊಸ ಎಲಾಸ್ಟಿಕ್ ಹಾಕಿಸಿ ಅವನಿಗೆ ಕೊಟ್ಟೆ. ರಾತ್ರಿಯ ಮಡಿಕೆ ಕೇಳಿದ. ಅವನಿಗೂ ಅರ್ಧವೇ ಹೇಳಿದ್ದೇನೆ.